ಜಗಳಕ್ಕೆ ಮಂಜೂರಾತಿ ಕೊಟ್ಟ ವಿಮಾ ಕಚೇರಿಗೆ

ವಾಹನ ವಿಮಾ ಕಚೇರಿಯ ಶಾಖಾ ವ್ಯವಸ್ಥಾಪಕರೇ,

ನಮ್ಮ ಕ್ಲೇಮು ಮಂಜೂರಾಗಿದೆ, ಕಾರು ರಿಪೇರಿಯಾಗಿದೆ. ದೂರು ಅದರ ಬಗ್ಗೆಯೇ. ನೀವು ಕಾರನ್ನು ಸರಿಪಡಿಸಿ ನನ್ನ ಬೀಗತನವನ್ನು ಜಖಂ ಮಾಡಿದ್ದೀರಿ. ಮಗಳು ಯೋಗಿತಾಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕಳಿಸುವುದಿಲ್ಲ ಎಂದು ಶೆಟ್ಟಿಕೆರೆಯ ಬೀಗರು ಗಂಗರಾಜು ಕೂತಿದ್ದಾರೆ.

ನಡೆದದ್ದು ನಿಮ್ಮ ಫೈಲಿನಲ್ಲಿದೆ, ಆದರೆ ಫೈಲಿನಲ್ಲಿ ಇರುವಂತೆ ನಡೆದಿಲ್ಲ. ನಾನು ಅವರ ಮನೆಗೆ ಹೊರಟಿದ್ದೆ, ಅವರು ನಮ್ಮ ಮನೆಗೆ ಹೊರಟಿದ್ದರು. ಕಿರಿದಾದ ಮೋರಿಯೊಂದರ ಬಳಿ ಎದುರುಬದುರಾದೆವು. ನೀವು ಮೊದಲು ಬನ್ನಿ ಎಂದು ನಾನು ಲೈಟು ಮಿನುಗಿಸಿದೆ. ಅವರೂ ಮಿನುಗಿಸಿದರು. ಸ್ವಲ್ಪ ಹೊತ್ತು ಇಬ್ಬರೂ ಕಾದೆವು. ಇಷ್ಟು ಮರ್ಯಾದೆ ಕೊಟ್ಟ ಮೇಲೂ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಅನ್ನಿಸಿತು. ಎರಡು ಬಂಪರು, ಮೂರು ಹೆಡ್‌ಲೈಟು, ಒಂದು ರೇಡಿಯೇಟರು ಹೋದವು.

"ತಪ್ಪು ನಂದೇ ಬೀಗ್ರೇ" ಎಂದು ಅವರು ಇಳಿದರು.

"ಬುಡಿ ಬುಡಿ, ನುಗ್ಗಿದ್ದು ನಾನು. ನೀವ್ಯಾಕೆ ಒಪ್ಕಂತೀರಿ" ಎಂದೆ.

ಅರ್ಜಿಯಲ್ಲೂ ಇಬ್ಬರೂ ಹಾಗೆಯೇ ಬರೆದೆವು. ಅದಕ್ಕೆ ನಿಮ್ಮ ಕಚೇರಿಯ ಉತ್ತರ: "ಉಭಯ ಮಾಲೀಕರು ಸಂಬಂಧಿಕರಾಗಿದ್ದು, ಉಭಯತ್ರರೂ ತಪ್ಪೊಪ್ಪಿಕೊಂಡಿರುವುದು ಸಹಜವಲ್ಲದ ಕಾರಣ, ಅಪಘಾತವು ಪೂರ್ವನಿಯೋಜಿತವೆಂದು ಅನುಮಾನಿಸಲಾಗಿದೆ." ಸ್ವಾಮಿ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವನು ಪ್ರಾಮಾಣಿಕ, ಒಪ್ಪಿಕೊಂಡವನು ಕಳ್ಳ ಎಂಬ ಈ ನಿಯಮ ಯಾವ ಪುಟದಲ್ಲಿದೆ? ಪಾಲಿಸಿಯ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ, ಸಿಗಲಿಲ್ಲ.

ತಿಪಟೂರಿನ ಗ್ಯಾರೇಜಿಗೆ ಜಖಂ ನೋಡಲು ಬಂದ ನಿಮ್ಮ ಸರ್ವೇಯರು ದಾರಿ ತೋರಿಸಿದರು. "ನಿಮ್ಮಿಬ್ಬರ ಮಧ್ಯೆ ಒಂಚೂರು ಮನಸ್ತಾಪ ಕಂಡ್ರೆ ಫೈಲಿಗೆ ಅನುಕೂಲ ಕಣ್ರೀ. ಸೋಮವಾರ ಬತ್ತೀನಿ, ವಿಡಿಯೋ ಮಾಡ್ಕಂತೀನಿ."

ಸೋಮವಾರ ಬೀಗರೂ ನಾನೂ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಜಗಳವನ್ನು ಹಂಚಿಕೊಂಡೆವು. "ಕಣ್ಣು ಕಾಣಲ್ವಾ ಅಂತೀನಿ, ಬೇಜಾರು ಮಾಡ್ಕಬ್ಯಾಡಿ" ಎಂದರು. ಟೀ ದುಡ್ಡನ್ನೂ ಅವರೇ ಕೊಟ್ಟರು. ಆಮೇಲೆ ಗ್ಯಾರೇಜಿನಲ್ಲಿ ಶುರುಮಾಡಿದೆವು. ನಿಮ್ಮ ಸರ್ವೇಯರು ಮೊಬೈಲು ಹಿಡಿದು, "ಸಾಲ್ದು, ಇನ್ನೂ ಸ್ವಲ್ಪ" ಎಂದರು.

ಸಾಲದು ಅಂದಾಗ ಮನುಷ್ಯ ಎಲ್ಲಿಂದ ತರಬೇಕು? ಒಳಗಿದ್ದುದನ್ನೇ ತರಬೇಕಲ್ಲವೇ? "ಬೀಗರೂಟದಲ್ಲಿ ನೀನು ನಮ್ಮೋರ ಎಲೆಗೆ ಬರೀ ಮೂಳೆ ಹಾಕ್ಸಿದ್ದೆ ಕಣ್ಲಾ" ಎಂದರು ಗಂಗರಾಜು. ಮೂರು ವರ್ಷದಲ್ಲಿ ಅವರ ಬಾಯಿಂದ ನನಗೆ 'ಲಾ' ಬಂದದ್ದು ಅದೇ ಮೊದಲು. ನಾನೇನು ಸುಮ್ಮನಿದ್ದೆನೇ? "ಹೆಣ್ಣು ಕೇಳಕ್ಕೆ ಬಂದಾಗ ತೋಟದಾಗೆ ಮೂರು ಬೋರು ಅಂದ್ಯಲ್ಲೋ, ಎರಡರಾಗೆ ಬರೀ ಗಾಳಿ ಬತ್ತೈತೆ" ಅಂದುಬಿಟ್ಟೆ. ಗ್ಯಾರೇಜಿನ ಸೂರ್ಯಪ್ರಕಾಶ್ ಸ್ಪ್ಯಾನರು ಕೆಳಗಿಟ್ಟ. "ಈಗ ನೈಜವಾಗಿ ಬಂತು" ಎಂದರು ನಿಮ್ಮ ಸರ್ವೇಯರು. ನಾಲ್ಕೇ ದಿನಕ್ಕೆ ಮಂಜೂರಾತಿ ಬಂತು. ಇಷ್ಟು ಚುರುಕಾದ ಕಚೇರಿ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಮೊನ್ನೆ ಹೊಸ ಬಂಪರಿನ ಕಾರಿನಲ್ಲಿ ಮಗಳನ್ನು ಕರೆತರಲು ಹೋದೆ. ನನ್ನನ್ನು ಕಂಡು ಬೀಗರು ಜಗುಲಿಯಿಂದ ಎದ್ದು ಒಳಗೆ ಹೋದರು. ಅದು ಬರೀ ನಾಟಕ ಕಣಮ್ಮ, ಕಚೇರಿಯವರು ಆಡಿಸಿದ್ದು ಎಂದು ಮಗಳಿಗೆ ಹೇಳಿದೆ.

"ಹಂಗಾದ್ರೆ ಬೋರಿನ ಮಾತು ಯಾರು ಹೇಳ್ಕೊಟ್ರು ಅಪ್ಪಾಜಿ?" ಎಂದು ಕೇಳಿದಳು.

ನನಗೆ ನಾಚಿಕೆಯಾಯಿತು. ಒಬ್ಬನೇ ಹೊನ್ನವಳ್ಳಿಗೆ ವಾಪಸು ಬಂದೆ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿಟ್ಟಿದ್ದ ನನ್ನ ಹೆಂಡತಿ ರಾಮಲಕ್ಷ್ಮಮ್ಮ ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮಂಜೂರಾತಿ ರದ್ದು ಮಾಡಿ. ನಿಮ್ಮ ಮೊದಲ ಅನುಮಾನವೇ ಸರಿ, ದೊಡ್ಡಣ್ಣ ಮತ್ತು ಗಂಗರಾಜು ಒಳಗೊಳಗೇ ಒಂದಾಗಿ ಮೋಸ ಮಾಡಿದ್ದಾರೆ ಎಂದು ಬರೆಯಿರಿ. ಇಬ್ಬರಿಗೂ ಒಂದೇ ನೋಟಿಸು ಕೊಟ್ಟು, ಒಂದೇ ದಿನ ಕರೆಸಿ, ನಿಮ್ಮ ಕಚೇರಿಯ ಹೊರಗಿನ ಒಂದೇ ಬೆಂಚಿನ ಮೇಲೆ ಸಂಜೆಯವರೆಗೆ ಕಾಯಿಸಿ. ಕಾಯಿಸುವುದು ನಿಮಗೆ ಕಷ್ಟವಾಗಲಾರದು. ಅಲ್ಲಿ ನಾನೇ ಮೊದಲು ಮಾತಾಡುತ್ತೇನೆ. ಮಗಳಿಗೆ ಒಂಬತ್ತು ತುಂಬುವುದರೊಳಗೆ ದಯವಿಟ್ಟು ನಮ್ಮನ್ನು ಒಟ್ಟಿಗೆ ಅಪರಾಧಿಗಳನ್ನಾಗಿ ಮಾಡಿ.

ಇಂತಿ,
ನಿಮ್ಮ ದಾಖಲೆಯಲ್ಲಿ 'ಎದುರು ಪಕ್ಷ'ವೆಂದು ನಮೂದಾಗಿರುವ,
ದೊಡ್ಡಣ್ಣ, ಹೊನ್ನವಳ್ಳಿ