ಕೊನೆಯ ಸುತ್ತಿಗೆ ಉಳಿದವಳು

ಸುರೇಬಾನ
೧೪ ಜುಲೈ ೨೦೨೫

ಪ್ರೀತಿಯ ಮಾಂತೇಶಣ್ಣನಿಗೆ ತಂಗಿ ಗುರವ್ವನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಿದ್ದೆ. ಯಾರೋ ಹುಡುಗ ಎತ್ತಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದ. ನಾನೂ ನನಗೆ ಬಂದಷ್ಟು ಹಿಂದಿ ಆಡಿದೆ. ಅವನಿಗೇನು ತಿಳಿಯಿತೋ, 'ಜೈ ಹಿಂದ್ ಮಾತಾಜಿ' ಎಂದು ಫೋನ್ ಇಟ್ಟೇಬಿಟ್ಟ. ಅಣ್ಣನ ಜೊತೆ ಮಾತಾಡಬೇಕಾದರೆ ಕಾಗದವೇ ಗತಿ ಎಂದು ಈಗ ಕುಳಿತಿದ್ದೇನೆ.

ಮಳೆ ಚೆನ್ನಾಗಿದೆ. ಹೊಲದಲ್ಲಿ ಹೆಸರು ಬೆಳೆ ಹೂ ಬಿಟ್ಟಿದೆ. ಮಗಳು ಉಮಾಶ್ರೀ ಬಂದಿದ್ದಾಳೆ. ನಿನಗೆ ಬಡ್ತಿ ಬಂದ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ ಕುಣಿದಾಡಿದಳು. "ಯವ್ವಾ, ಮಾಮಾನ ಕೈಯಾಗ ಒಂದ ಇಡೀ ಸೇನಾನ ಕೊಟ್ಟಾರ!" ಅಂದಳು. ನಾನು ಎಲ್ಲ ಬಿಟ್ಟು ಫೋಟೋದಲ್ಲಿ ನಿನ್ನ ಗದ್ದ ನೋಡಿದೆ. ಪಂಚಮಿಯ ಜೋಕಾಲಿಯನ್ನು ನಾನು ಜೋರಾಗಿ ತೂಗಿ ನೀನು ಬಿದ್ದಾಗಿನ ಕಲೆ ಇನ್ನೂ ಇದೆ. ಅವತ್ತು ಅವ್ವ ನನ್ನನ್ನು ಹೊಡೆಯಲು ಬಂದರೆ, ಬಾಯಿತುಂಬ ರಕ್ತ ಇಟ್ಟುಕೊಂಡು ನೀನು, "ಹೊಡೀಬ್ಯಾಡಬೇ, ನಾನ ಮ್ಯಾಲ ಹೋಗಬೇಕಂದಿದ್ದೆ" ಅಂದಿದ್ದೆ. ಮೇಲೆ ಹೋಗುವ ಹುಚ್ಚು ನಿನಗೆ ಅಂದಿನಿಂದಲೇ ಇತ್ತು.

ಹೋದ ವಾರ ತವರೂರು ದೊಡವಾಡಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿಗೆ ನಿನ್ನ ಫೋಟೋ ಕಟ್ಟಿದ್ದಾರೆ, ಹಿಂದಿನ ಗೋಡೆಯೇ ಕಾಣುವುದಿಲ್ಲ. ನಮ್ಮ ಹಳೇ ಮನೆಯ ಎದುರಿನ ಕೆಂಪವ್ವ ಈಗ ಹಣ್ಣು ಹಣ್ಣು ಮುದುಕಿ. "ನಮ್ಮ ಹಣಮಂತಪ್ಪನ ಮಗಾ ಇನ್ನೂ ಇಮಾನ ಹಾರಸ್ತಾನೇನವಾ?" ಎಂದು ಕೇಳಿದಳು. ಇಲ್ಲಬೇ, ಈಗ ಅವ ಕುರ್ಚಿ ಮ್ಯಾಲ ಕುಂತಿರತಾನ, ಬ್ಯಾರೇದವರು ಹಾರಸ್ತಾರ ಅಂದೆ. "ಅಯ್ಯ, ಹಂಗಾರ ಕೆಳಗ ಇಳಿಸ್ಯಾರ ಬಿಡು" ಎಂದು ಲೊಚಗುಟ್ಟಿದಳು. ನನಗೆ ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ಬಸ್ಸಿನಲ್ಲಿ ಕೂತಾಗ, ಮುದುಕಿಯ ಮಾತಿನಲ್ಲೂ ಹುರುಳಿದೆ ಅನ್ನಿಸಿತು. ಹೆಲಿಕಾಪ್ಟರ್ ಹಾರಿಸುವಾಗ ನೀನು ಹಿಮದ ಗುಡ್ಡದಿಂದ ಬರೆಯುತ್ತಿದ್ದ ಪತ್ರಗಳಲ್ಲಿ ಎಂಥ ಖುಷಿ ಇರುತ್ತಿತ್ತು! ಗಾಯಗೊಂಡ ಸಿಪಾಯಿಯನ್ನು ಇಳಿಸಿದ ದಿನವಂತೂ ಎರಡೆರಡು ಹಾಳೆ. ಕರ್ನಲ್ ಆದೆ, ಒಂದು ಹಾಳೆಯಾಯಿತು. ಜನರಲ್ ಆದೆ, ಯುಗಾದಿಗೊಂದು ಕಾರ್ಡ್ ಬಂತು.

ದೂರುತ್ತಿಲ್ಲ. ಅವ್ವ ತೀರಿಕೊಂಡಾಗ ನೀನು ಹಿಮದಲ್ಲಿ ಸಿಕ್ಕಿಬಿದ್ದಿದ್ದೆ. ಉಮಾಶ್ರೀಯ ಮದುವೆಗೆ ವೈನಿ ಒಬ್ಬರೇ ನಿಮ್ಮ ಮಕ್ಕಳನ್ನು ಕಟ್ಟಿಕೊಂಡು ಬಂದರು, ನೀನು ಗಡಿಯಲ್ಲಿದ್ದೆ. ದೇಶ ಕಾಯುವವನಿಗೆ ಮನೆ ಕಾಯಲು ಆಗುತ್ತದೆಯೇ ಎಂದು ನಮ್ಮ ಮನೆಯವರು ಯಾವಾಗಲೂ ನಿನ್ನ ಪರ. ನನ್ನ ಮದುವೆಯಾದ ಮೇಲೆ ಒಂದು ಪಂಚಮಿಗೂ ನೀನು ನನ್ನನ್ನು ತವರಿಗೆ ಕರೆಯಲು ಬರಲಿಲ್ಲ. ಓಣಿಯ ಹೆಂಗಸರ ಅಣ್ಣಂದಿರು ಸೈಕಲ್ಲೋ ಬಸ್ಸೋ ಹಿಡಿದು ಬರುತ್ತಿದ್ದರು. ನನ್ನ ಅಣ್ಣನ ಬಳಿ ಹಾರುವ ಯಂತ್ರವೇ ಇತ್ತು, ರಜೆ ಇರಲಿಲ್ಲ.

ಈಗ ಮುಖ್ಯ ವಿಷಯ. ಬೈಲಹೊಂಗಲದ ಸನ್ಮಾನ ಸಮಿತಿಯ ಸದಾಶಿವ ಇಬ್ಬರನ್ನು ಕಟ್ಟಿಕೊಂಡು ಬಂದಿದ್ದ. ಪಂಚಮಿಯ ದಿನವೇ ನಿನ್ನ ಸನ್ಮಾನವಂತೆ. "ಅಕ್ಕಾರ, ನೀವು ವೇದಿಕಿ ಮ್ಯಾಲ ಬರಬೇಕ್ರಿ. ಮಹಾಪೂರದ ಆ ಮಾತು ನಿಮ್ಮ ಬಾಯಿಂದನ ಬರಬೇಕು. ಸಾಹೇಬ್ರೂ ಅದನ್ನ ಹೇಳ್ಯಾರ್ರಿ" ಅಂದ. ನಿನ್ನ ಪತ್ರದಲ್ಲೂ ಅದೇ ಇತ್ತು.

ಆ ಮಾತನ್ನು ಈ ಸೀಮೆಯಲ್ಲಿ ಕೇಳದವರು ಯಾರಿದ್ದಾರೆ? ನೀನಿನ್ನೂ ಹಾರಿಸುತ್ತಿದ್ದ ಕಾಲದ ಆ ಶ್ರಾವಣದಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಸೇನೆಯ ಹೆಲಿಕಾಪ್ಟರ್ ತಂದವನು ನೀನು. ಸ್ವಂತ ತಂಗಿ ಕನ್ನಡ ಸಾಲಿಯ ಮಾಳಿಗೆಯ ಮೇಲೆ ನಿಂತಿದ್ದರೂ ಊರವರನ್ನೆಲ್ಲ ಸಾಗಿಸಿ, ಕೊನೆಯ ಸುತ್ತಿನಲ್ಲಿ ಅವಳನ್ನು ಕರೆದೊಯ್ದೆ. ಪೇಪರಿನಲ್ಲಿ ಬಂತು, ಭಾಷಣಗಳಲ್ಲಿ ಬಂತು. ಜನ ಚಪ್ಪಾಳೆ ಹೊಡೆಯುತ್ತಾರೆ, ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ, ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ.

ಅಣ್ಣಾ, ನಾನು ವೇದಿಕೆಗೆ ಬರುವುದಿಲ್ಲ. ಮೊಣಕಾಲು ಬಹಳ ನೋಯುತ್ತಿವೆ, ಮೆಟ್ಟಿಲು ಹತ್ತಲಾಗದು. ಎಮ್ಮೆಯೂ ಈಯುವ ಹಾಗಿದೆ. ಕಾರು ಕಳಿಸಬೇಡ.

ಸವದತ್ತಿಯ ಎಲ್ಲಮ್ಮ ನಿನ್ನನ್ನೂ ನಿನ್ನ ಸಿಪಾಯಿಗಳನ್ನೂ ತಣ್ಣಗಿಟ್ಟಿರಲಿ. ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ,
ಗುರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಮೊಣಕಾಲು ನೋಯುವುದು ಖರೆ, ಕಾರಣ ಅದಲ್ಲ.

ಅವತ್ತು ನೀನು ಮಾಳಿಗೆಯ ಅಂಚಿಗೆ ಹೆಲಿಕಾಪ್ಟರ್ ತಂದು ನಿಲ್ಲಿಸಿದ ಮೊದಲ ಸುತ್ತಿನಲ್ಲೇ ನಾನು ನಿನ್ನ ಗುರುತು ಹಿಡಿದೆ. ಕಪ್ಪು ಗಾಜಿನ ಹೆಲ್ಮೆಟ್ಟಿನ ಕೆಳಗೆ ಆ ಕಲೆಯ ಗದ್ದ ಕಾಣುತ್ತಿತ್ತು. ಪ್ರತಿ ಸಲ ನನ್ನ ಸರದಿ ಬಂದಾಗ ಹಿಂದೆ ಸರಿದು ಬೇರೆಯವರನ್ನು ಮುಂದೆ ಬಿಟ್ಟೆ. ಪಂಚಮಿಯ ದಿನಗಳು, ನೋಡು. ಅಣ್ಣ ತಾನಾಗಿ ಕೈಮಾಡಿ ಕರೆಯಲಿ ಎಂಬ ಆಸೆ. ಕೊನೆಗೆ ಉಳಿದವಳು ನಾನಾಗಿಯೇ ಉಳಿದೆ, ನೀನು ಉಳಿಸಿದ್ದಲ್ಲ.

ಕೊನೆಯ ಸುತ್ತಿನಲ್ಲಿ ನಿನ್ನ ಬೆನ್ನಿಗೇ ಕೂತಿದ್ದೆ. ಕಟಕೋಳದ ಬಯಲಿನಲ್ಲಿ ಇಳಿದಾಗ ನೀನು ಗಾಜು ಎತ್ತಿ, ಹೊರಳಿ, ನನ್ನ ಮುಖವನ್ನೇ ನೋಡಿ ಕೂಗಿ ಹೇಳಿದೆ: "ಅಕ್ಕಾರ, ಹೆದರಬ್ಯಾಡ್ರಿ, ಸಾವಕಾಶ ಇಳೀರಿ." ನೀನು ಹತ್ತು ಹನ್ನೆರಡು ವರ್ಷ ನೋಡದ ಮುಖ, ಮೈಯೆಲ್ಲ ರಾಡಿ, ನನ್ನ ಕೂದಲೂ ಆಗಲೇ ಬೆಳ್ಳಗಾಗತೊಡಗಿತ್ತು. ಆದರೂ ಅಣ್ಣಾ. ಯಾರೋ ಒಬ್ಬಳು ಹೆಂಗಸೆಂದು ನನ್ನನ್ನು ಇಳಿಸಿ ಹೊರಟುಹೋದೆ.

ಮಾಳಿಗೆಯ ಮೇಲೆ ನಾನಿದ್ದದ್ದು ಊರವರ ಬಾಯಿಂದ ಪೇಪರಿಗೆ ಬಂದ ಮೇಲೆ ನೀನು ಫೋನ್ ಮಾಡಿದೆ. "ನಿನ್ನ ಮೊದಲ ಕರಕೊಂಡಿದ್ರ ಜನಾ ಏನಂತಿದ್ರು? ಅದಕ್ಕ ಕೊನೀಗೆ ಇಟ್ಟೆ. ಸಿಟ್ಟಾಗಬ್ಯಾಡವ್ವಾ" ಅಂದೆ. ನಾನು, "ಬರೋಬರಿ ಮಾಡಿದಿ ಬಿಡಣ್ಣಾ" ಅಂದೆ. ಅಂದೇ ಇಬ್ಬರಲ್ಲಿ ಒಬ್ಬರು ನಿಜ ಆಡಿದ್ದರೆ ಅತ್ತು ಹಗುರಾಗುತ್ತಿದ್ದೆವು. ಈಗ ಊರ ಮುಂದೆ ಅದನ್ನು ನನ್ನ ಬಾಯಿಂದ ಹೇಳಿಸಬೇಡ.

ಸನ್ಮಾನ ಮುಗಿಸಿಕೊಂಡು ಮರುದಿನ ಒಬ್ಬನೇ ಬಾ, ಯೂನಿಫಾರ್ಮ್ ಬೇಡ. ಬೇವಿನ ಮರದ ಜೋಕಾಲಿಯ ಹತ್ತಿರ ಓಣಿಯ ಹೆಂಗಸರ ಜೊತೆ ನಿಂತಿರುತ್ತೇನೆ. ಯಾರನ್ನೂ ಕೇಳದೆ ಬಂದು ನನ್ನ ಹೆಸರು ಹಿಡಿದು ಕರೆ. ಶೇಂಗಾ ಉಂಡಿ ಕಟ್ಟಿಟ್ಟಿರುತ್ತೇನೆ.

ಬರುವ ಮುಂಚೆ ಉಮಾಶ್ರೀಯಿಂದ ನನ್ನ ಫೋಟೋ ಮಾತ್ರ ತರಿಸಿಕೊಳ್ಳಬೇಡ.