ನಾಲ್ಕು ತಿಂಗಳಾದರೂ ಆರದ ಗಾಯ

ಸೊಸೆಗೆ,

ಆಶೀರ್ವಾದ ಕೊನೆಯಲ್ಲಿರಲಿ, ಮೊದಲು ವಿಷಯಕ್ಕೆ ಬರುತ್ತೇನೆ. ಈ ಕಾಗದವನ್ನು ನಿನ್ನ ಗಂಡನ ಕೈಯಲ್ಲೇ ನಿನ್ನ ತವರಿಗೆ ಕಳಿಸುತ್ತಿದ್ದೇನೆ. ಲಕೋಟೆಗೆ ಎರಡು ಸಲ ಗೋಂದು ಹಚ್ಚಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಸಹಿಯ ಗೆರೆ ಒಂದಕ್ಕೊಂದು ಕೂಡದಿದ್ದರೆ ಅವನು ದಾರಿಯಲ್ಲಿ ಬಿಚ್ಚಿ ಓದಿದ್ದಾನೆ ಅಂತ ತಿಳಿದುಕೋ. ಹೆತ್ತ ಮಗನನ್ನೂ ನಂಬದ ಹೆಂಗಸು ಅಂತ ನೀನು ನಗುತ್ತೀ, ಗೊತ್ತು. ನಗು, ನಾಲ್ಕು ದಿನದಿಂದ ನೀನು ನಕ್ಕಿರಲಾರೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಜಾಮ್ ಫ್ಯಾಕ್ಟರಿಗೆ ಬಂದ ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೀನೇ ಹೇಳಿದ್ದೆ: “ಬರೆದಿಡದೇ ಇರೋದು ನಡೆದೇ ಇಲ್ಲ ಅಂತ ಲೆಕ್ಕ.” ಆವತ್ತು ನಾನು ಪಕ್ಕದಲ್ಲಿದ್ದ ಬಾಟಲಿ ತೊಳೆಯುವವಳ ಕಿವಿಯಲ್ಲಿ, “ಹಾಗಾದ್ರೆ ನಾನು ಇಪ್ಪತ್ತೆರಡು ವರ್ಷ ಜಾಮ್ ಕಾಯಿಸಿದ್ದೇ ಸುಳ್ಳು ಬಿಡು” ಅಂದಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ನಿನ್ನ ಬ್ಯಾಗಿನಿಂದ ಆ ಕೆಂಪು ಕಲ್ಲನ್ನು ತೆಗೆದವಳು ನಾನು.

ಓದಿದೆಯಾ? ಸ್ವಲ್ಪ ನೀರು ಕುಡಿ, ಆಮೇಲೆ ಮುಂದಕ್ಕೆ ಓದು.

ನಿನ್ನನ್ನು ನಾನು ಮೊದಲಿನಿಂದಲೂ ನಂಬಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಅಡುಗೆಮನೆಯ ಒರೆಸುವ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿದವಳು ನೀನು. ಆಹಾರದ ವಿಷಯ ಓದಿದವಳು ಅಂತ ಗೊತ್ತಿತ್ತು, ನನ್ನ ಮನೆಯ ಬಟ್ಟೆಗೇ ಪರೀಕ್ಷೆ ಇಡುತ್ತಾಳೆ ಅಂತ ಗೊತ್ತಿರಲಿಲ್ಲ. ಕೇರಿಯಲ್ಲಿ ನನ್ನನ್ನು ಪತ್ತೇದಾರಿ ಅಂತ ಕರೆಯುತ್ತಾರೆ. ಹಾಲಿನವನು ಎದುರಿಗೇ ಹಾಲು ಅಳೆದರೂ ನಾನು ಮನೆಗೆ ಬಂದು ಇನ್ನೊಮ್ಮೆ ಅಳೆಯುತ್ತೇನೆ. ಅಂಥವಳ ಮನೆಗೆ ನನಗಿಂತ ದೊಡ್ಡ ಪತ್ತೇದಾರಿ ಬಂದಳಲ್ಲ ಅಂತ ಹೊಟ್ಟೆಯೊಳಗೆ ಒಂದು ಉರಿ ಹತ್ತಿತು.

ಆಮೇಲೆ ಶಾಲೆ ಮಕ್ಕಳ ಬೆಳಗಿನ ತಿಂಡಿಗೆ ಜಾಮ್ ಕೊಡುವ ಗುತ್ತಿಗೆ ನಮ್ಮ ಮಾಲೀಕರಿಗೆ ಸಿಕ್ಕಿತು. ಗುತ್ತಿಗೆ ಉಳಿಯಬೇಕಾದರೆ ಸುರಕ್ಷತೆಯ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟು ಬೇಕಾದರೆ ಓದಿದವರು ಬೇಕು. ಮಾಲೀಕರು ನಿನ್ನನ್ನು ಕರೆದರು. ಮನೆಯಲ್ಲಿ ನಾನು ಅತ್ತೆ, ಫ್ಯಾಕ್ಟರಿ ಗೇಟು ದಾಟಿದರೆ ನೀನು ಮೇಡಂ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರಿಗೆ ಮಾತ್ರ ಎರಡೂ ಕಾಲ ದಿನಾ ಬೆಳಿಗ್ಗೆ ಎಂಟೂವರೆಗೆ ಅದಲುಬದಲಾಗುತ್ತಿತ್ತು.

ತಲೆಗೆ ಟೋಪಿ, ಕೈಗೆ ಗ್ಲೌಸು, ಪ್ರತಿ ಕಡಾಯಿಗೆ ಒಂದು ನಂಬರು, ಪ್ರತಿ ನಂಬರಿಗೆ ಒಂದು ಹಾಳೆ. ಇದೆಲ್ಲ ಜಾಮಿಗಾಗಿ ಅಂತ ನಾನು ಒಂದು ದಿನವೂ ನಂಬಲಿಲ್ಲ. ಯಾರು ನಿಧಾನ, ಯಾರು ಗಲೀಜು ಅಂತ ಬರೆದಿಟ್ಟುಕೊಂಡು ಆಮೇಲೆ ವಯಸ್ಸಾದವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುವ ಉಪಾಯ ಅಂದುಕೊಂಡೆ. ಆ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನೇ. ಬಳೆ, ಉಂಗುರ, ಓಲೆ ಎಲ್ಲ ಗೇಟಿನಲ್ಲೇ ತೆಗೆದಿಡಬೇಕು ಅಂದಾಗಲಂತೂ ನನ್ನ ಅನುಮಾನ ಗಟ್ಟಿಯಾಯಿತು. ಏಕೆಂದರೆ ನನ್ನ ಉಂಗುರ ಬೆರಳಿನಿಂದ ಬರುವುದಿಲ್ಲ ಅಂತ ನಿನಗೆ ಗೊತ್ತಿತ್ತು. ನಿನ್ನ ಮಾವ ಹಾಕಿದ ಕೆಂಪು ಕಲ್ಲಿನ ಉಂಗುರ ಅದು. ಅವರು ಹೋಗಿ ಒಂಬತ್ತು ವರ್ಷ. ಬೆರಳು ಊದಿಕೊಂಡು ಉಂಗುರ ಅದರಲ್ಲೇ ಹೂತುಹೋಗಿದೆ. ಕತ್ತರಿಸಿ ತೆಗೆಯಬೇಕು ಅಂದರೆ ಅವರು ಇನ್ನೊಮ್ಮೆ ಹೋದ ಹಾಗೆ ಅನ್ನಿಸುತ್ತಿತ್ತು.

ಹಾಗಾಗಿ ನಾನೊಂದು ಗಾಯ ಹುಟ್ಟಿಸಿದೆ. ಗೇಟಿನಲ್ಲಿ ನೀನು ಎಲ್ಲರ ಕೈ ನೋಡುವಾಗ ಉಂಗುರದ ಮೇಲೆ ಬಟ್ಟೆ ಸುತ್ತಿದ ಬೆರಳು ತೋರಿಸಿ, “ಚಾಕು ತಾಗಿದೆ” ಅಂದೆ. ನೀನು ಬಟ್ಟೆ ಬಿಚ್ಚಿಸಲಿಲ್ಲ. ಡಬ್ಬಿಯಿಂದ ನೀಲಿ ಪ್ಲಾಸ್ಟರ್‌ಗಳನ್ನು ತೆಗೆದು ಕೊಟ್ಟು, “ಇದನ್ನ ಸುತ್ಕೊಳಿ ಅತ್ತೆ. ಯಾವ ಹಣ್ಣೂ ಈ ಬಣ್ಣ ಇರಲ್ಲ, ಅಕಸ್ಮಾತ್ ಜಾಮಲ್ಲಿ ಬಿದ್ರೆ ಕಣ್ಣಿಗೆ ಹೊಡಿಯುತ್ತೆ” ಅಂದೆ. ನನಗೋ ಅದರಲ್ಲೂ ಸಂಶಯ. ದನಕ್ಕೆ ಗುರುತು ಹಾಕಿದ ಹಾಗೆ ನನಗೆ ನೀಲಿ ಗುರುತು ಹಾಕಿದಳು ಅಂತ ಮನೆಗೆ ಬಂದು ನಿನ್ನ ಗಂಡನ ಹತ್ತಿರ ಕೂಗಾಡಿದೆ. ಅವನು ಟಿವಿಯ ಸದ್ದು ಜೋರು ಮಾಡಿದ.

ಆ ಗಾಯ ನಾಲ್ಕು ತಿಂಗಳು ಆರಲಿಲ್ಲ. ದಿನಾ ಬೆಳಿಗ್ಗೆ ನೀನು ನೋಡಿದೆ, ದಿನಾ ಹೊಸ ಪ್ಲಾಸ್ಟರ್ ಕೊಟ್ಟೆ. ಒಂದು ಚಾಕುವಿನ ಗಾಯ ನಾಲ್ಕು ತಿಂಗಳು ಇರುತ್ತದಾ ಅಂತ ನೀನು ಕೇಳಲಿಲ್ಲ. ಬೇರೆ ಯಾವಳಾದರೂ ಆಗಿದ್ದರೆ ನೀನು ಎರಡನೇ ವಾರಕ್ಕೇ ಬಿಚ್ಚಿಸಿ ನೋಡುತ್ತಿದ್ದೆ. ಅತ್ತೆ ಅಂತ ಬಿಟ್ಟೆ. ನನ್ನ ತಪ್ಪು ಮೂಟೆಯಷ್ಟಿದೆ, ಒಪ್ಪುತ್ತೇನೆ. ಆದರೆ ಈ ಒಂದು ಹಿಡಿ ನಿನ್ನದು.

ಮಂಗಳವಾರದ ಕಥೆ ಕೇಳು. ಸಿಹಿ ಅಳೆಯಲು ನೀನು ತರಿಸಿದ ಯಂತ್ರ ಜಾಮ್ ಹದಕ್ಕೆ ಬಂದಿದೆ ಅಂತ ತೋರಿಸುತ್ತಿತ್ತು. ನಾನು ಅದನ್ನು ಎಂದಾದರೂ ನಂಬಿದ್ದೇನಾ? ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ತೊಟ್ಟು ಹಿಡಿದು ಬಿಡಿಸಿದಾಗ ಎಳೆ ನಿಲ್ಲಬೇಕು, ನನಗೆ ಗೊತ್ತಿರುವ ಹದ ಅದೊಂದೇ. ನೀನು ಆ ಕಡೆ ತಿರುಗಿದಾಗ ಗ್ಲೌಸು ತೆಗೆದು ಎಳೆ ನೋಡುವುದು ನನ್ನ ದಿನದ ಕೆಲಸವಾಗಿತ್ತು. ಆವತ್ತೂ ತೆಗೆದೆ. ಹಬೆಗೆ ನೆನೆದಿದ್ದ ಪ್ಲಾಸ್ಟರ್ ಗ್ಲೌಸಿನ ಜೊತೆಗೇ ಅರ್ಧ ಸುಲಿದು ಬಂತು. ಎಳೆ ನೋಡಿ, ಸೌಟಿನಿಂದ ಕಡಾಯಿಯ ಅಂಚು ಕೆರೆದು, ಪ್ಲಾಸ್ಟರ್ ಒತ್ತಿ ಅಂಟಿಸಿ, ಗ್ಲೌಸು ಹಾಕಿಕೊಂಡೆ. ಎಳೆ ಚೆನ್ನಾಗಿಯೇ ನಿಂತಿತ್ತು.

ಸಂಜೆ ಮನೆಯಲ್ಲಿ ಕೈ ತೊಳೆಯುವಾಗ ನೋಡಿದರೆ ಉಂಗುರದಲ್ಲಿ ಕಲ್ಲಿಲ್ಲ. ಕಡಾಯಿಯ ನೆನಪು ನನಗೆ ಬರಲಿಲ್ಲ ಅಂದರೆ ನೀನು ನಂಬುತ್ತೀಯಾ? ನಿಜವಾಗಿಯೂ ಬರಲಿಲ್ಲ. ಮೊದಲು ನೆನಪಾದದ್ದು, ಬೆಳಿಗ್ಗೆ ನನ್ನ ಕೋಣೆ ಗುಡಿಸಿದವಳು ನೀನು ಅಂತ. ಹಾಸಿಗೆಯ ಹತ್ತಿರ ಬಿದ್ದಿದ್ದನ್ನು ನೀನು ಎತ್ತಿಟ್ಟುಕೊಂಡಿದ್ದೀ ಅಂತ ಲೆಕ್ಕ ಹಾಕಿಬಿಟ್ಟೆ. ಊಟಕ್ಕೆ ಕೂತಾಗ ನೀನು, “ಅತ್ತೆ, ಬೆರಳಿನ ಗಾಯ ಹೇಗಿದೆ?” ಅಂತ ಕೇಳಿದೆಯಲ್ಲ, ಅಲ್ಲಿಗೆ ನನಗೆ ಪೂರಾ ಖಾತ್ರಿಯಾಯಿತು. ಕಳ್ಳಿಯೇ ಬಂದು ವಿಚಾರಿಸುತ್ತಿದ್ದಾಳೆ ಅಂದುಕೊಂಡೆ. “ಆರ್ತಾ ಇದೆ” ಅಂದೆ. ನೀನು ಸಾರಿನ ಪಾತ್ರೆ ನನ್ನ ಕಡೆ ಸರಿಸಿದೆ. ಬಾಯಿಬಿಡಲು ನನಗೊಂದು ಅವಕಾಶ ಕೊಟ್ಟಿದ್ದೆ ಅಂತ ಈಗ ತಿಳಿಯುತ್ತಿದೆ.

ನೀನು ಪಾತ್ರೆ ತೊಳೆಯುತ್ತಿದ್ದಾಗ ನಿನ್ನ ಬ್ಯಾಗು ತಡಕಿದೆ. ಒಳಜೇಬಿನಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನನ್ನ ಕಲ್ಲು! ಜೊತೆಗೆ ಮಡಚಿದ ಒಂದು ಚೀಟಿಯೂ ಇತ್ತು. ಕನ್ನಡಕ ಅಡುಗೆಮನೆಯ ಕಿಟಕಿಯಲ್ಲಿತ್ತು, ತರಲು ಹೋದರೆ ನಿನಗೆ ಕಾಣುತ್ತೇನೆ. ಅಲ್ಲದೆ, ಕಳ್ಳ ಸಿಕ್ಕಿಬಿದ್ದ ಮೇಲೆ ಚೀಟಿ ಯಾಕೆ ಓದಬೇಕು? ಚೀಲವನ್ನು ರವಿಕೆಯೊಳಗೆ ಸೇರಿಸಿಕೊಂಡು ಹೋಗಿ ಮಲಗಿದೆ. ಬೆಳಿಗ್ಗೆ ನೀನು ಬ್ಯಾಗಿನಲ್ಲಿ ಹುಡುಕಿ ಪೇಚಾಡುವುದನ್ನು ನೋಡಬೇಕು ಅನ್ನುವ ಆಸೆ ಬೇರೆ.

ನೋಡಿದೆ. ಆದರೆ ಮನೆಯಲ್ಲಲ್ಲ, ಮಾಲೀಕರ ಕೋಣೆಯಲ್ಲಿ.

ಬುಧವಾರ ನಮ್ಮನ್ನೆಲ್ಲ ಕರೆಸಿದ್ದರು. ಮಂಗಳವಾರದ ಬ್ಯಾಚಿನ ಆರುನೂರ ನಲವತ್ತು ಬಾಟಲಿಗೂ ನೀನು ಕೆಂಪು ಚೀಟಿ ಕಟ್ಟಿ ಗೋದಾಮಿನಲ್ಲಿ ತಡೆದಿದ್ದೆ. ಜರಡಿಯಲ್ಲಿ ಕಲ್ಲು ಸಿಕ್ಕಿದೆ, ಅದರ ಮೂಲೆಯ ಒಂದು ಚೂರು ಕಾಣುತ್ತಿಲ್ಲ, ಆ ಚೂರು ಯಾವುದೋ ಬಾಟಲಿಯಲ್ಲಿರಬಹುದು, ಎಲ್ಲವನ್ನೂ ಸುರಿಯಬೇಕು ಅಂದೆ. ಮಾಲೀಕರು, “ಕಲ್ಲು ತೋರಿಸಮ್ಮ, ಸುರಿಸೋಣ” ಅಂದರು. ನೀನು ಬ್ಯಾಗಿಗೆ ಕೈಹಾಕಿದೆ. ಒಳಜೇಬು, ಹೊರಜೇಬು, ಕೊನೆಗೆ ಇಡೀ ಬ್ಯಾಗನ್ನೇ ಅವರ ಮೇಜಿನ ಮೇಲೆ ಬೋರಲು ಹಾಕಿದೆ. ಬಾಚಣಿಗೆ, ಪೆನ್ನು, ಬಸ್ಸಿನ ಟಿಕೆಟು, ಅರ್ಧ ತಿಂದ ಬಿಸ್ಕತ್ ಪೊಟ್ಟಣ. “ಕಲ್ಲೂ ಇಲ್ಲ, ಮಣ್ಣೂ ಇಲ್ಲ. ದೊಡ್ಡಸ್ತಿಕೆ ತೋರಿಸೋಕೆ ಕಥೆ ಕಟ್ತೀಯಾ? ಸೋಮವಾರ ಮಾಲು ಹೋಗ್ಲೇಬೇಕು. ನೀನು ಮನೆಗೆ ನಡಿ” ಅಂದರು ಅವರು.

ನೀನು ತಲೆ ಎತ್ತಿ ನೋಡಿದ್ದು ಮಾಲೀಕರನ್ನಲ್ಲ, ನನ್ನ ಬೆರಳಿನ ನೀಲಿ ಪ್ಲಾಸ್ಟರನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಒಂದು ಮಾತು, ನನ್ನ ಕಡೆ ಒಂದು ಬೆರಳು ಸಾಕಿತ್ತು. ನೀನು ಬಾಚಣಿಗೆ, ಪೆನ್ನು, ಟಿಕೆಟು ಎಲ್ಲ ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡು ಹೊರಟುಹೋದೆ. ಸಂಜೆ ನಾನು ಬರುವಷ್ಟರಲ್ಲಿ ತವರಿಗೆ ಹೋಗಿದ್ದೆ.

ಆಮೇಲೆ ಕನ್ನಡಕ ಹಾಕಿ ಚೀಟಿ ಓದಿದೆ. ಬ್ಯಾಚ್ ನಾಲ್ಕುನೂರ ಹದಿನೇಳು. ಮಂಗಳವಾರ, ಮೂರು ಗಂಟೆ ಇಪ್ಪತ್ತು ನಿಮಿಷ. ಬಾಟಲಿ ತುಂಬುವ ಮುಂಚಿನ ಜರಡಿ. ಕೆಂಪು ಗಾಜು, ಒಂದು ಮೂಲೆ ಮುರಿದಿದೆ. ಕೆಳಗೆ “ಯಾರದ್ದು” ಅಂತ ಬರೆದು ಮುಂದೆ ನೀನು ಖಾಲಿ ಬಿಟ್ಟಿದ್ದೆ.

ಆಗಲಾದರೂ ಬುದ್ಧಿ ಬಂತು ಅಂದುಕೊಂಡೆಯಾ? ಇಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ನನ್ನ ಗಂಡ ಕೊಟ್ಟ ಮಾಣಿಕ್ಯವನ್ನು ಗಾಜು ಅಂತಾಳಲ್ಲ, ಕದ್ದ ಮೇಲೆ ಬೆಲೆ ಇಳಿಸುತ್ತಿದ್ದಾಳೆ ಅಂತ ಇನ್ನೊಂದು ಅನುಮಾನ ಮೊಳೆಯಿತು. ನಿನ್ನ ಸುಳ್ಳು ಹಿಡಿಯಲೆಂದೇ ಶುಕ್ರವಾರ ಅಕ್ಕಸಾಲಿಗನ ಅಂಗಡಿಗೆ ಹೋದೆ. ಮುದುಕ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕಲ್ಲನ್ನು ಎರಡು ಸಲ ತಿರುಗಿಸಿದ. “ಗಾಜು ಕಣಮ್ಮ. ಮೂಲೆ ಬೇರೆ ಹೊಸದಾಗಿ ಮುರಿದಿದೆ. ಚೂರು ಎಲ್ಲಿ?” ಅಂದ.

ಚೂರು ಎಲ್ಲಿ ಅಂತ ಅವನು ಕೇಳಿದಾಗ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ, ಮಂಗಳವಾರ ಗ್ಲೌಸಿಲ್ಲದ ಕೈಯಲ್ಲಿ ಕಡಾಯಿಯ ಅಂಚು ಕೆರೆದದ್ದು ನೆನಪಾಯಿತು. ಸೋಮವಾರ ಯಾವುದೋ ಶಾಲೆಯಲ್ಲಿ, ಯಾವುದೋ ಮಗುವಿನ ಬ್ರೆಡ್ಡಿನ ಮೇಲೆ. ಜಾಮೂ ಕೆಂಪು, ಗಾಜೂ ಕೆಂಪು, ಕಣ್ಣಿಗೆ ಹೊಡೆಯುವುದಿಲ್ಲ. ನೀನು ಪ್ಲಾಸ್ಟರ್ ಯಾಕೆ ನೀಲಿ ಅಂತ ಹೇಳಿದ್ದು ಆಗ ನನ್ನ ತಲೆಗೆ ಹೋಯಿತು. ಇನ್ನೊಂದೂ ಹೊಳೆಯಿತು. ಫ್ಯಾಕ್ಟರಿಯ ಬೀರುವಿನಲ್ಲಿಟ್ಟರೆ ಮಾಲೀಕರ ಕಡೆಯವರು ಕಲ್ಲನ್ನು ಮಾಯ ಮಾಡುತ್ತಾರೆ, ಮನೆಯಲ್ಲಾದರೆ ಭದ್ರವಾಗಿರುತ್ತದೆ ಅಂತ ನೀನು ಬ್ಯಾಗಿನಲ್ಲಿ ತಂದಿದ್ದೆ, ಅಲ್ಲವಾ? ನಮ್ಮ ಮನೆಯನ್ನು ನಂಬಿ ತಂದಿದ್ದೆ. ಅದನ್ನು ನೆನೆದು ಅತ್ತುಬಿಟ್ಟೆ ಕಣೇ, ಆ ಮುದುಕನ ಎದುರಿಗೇ. ಅವನು ಗಾಜಿಗಾಗಿ ಅಳುತ್ತಿದ್ದೇನೆ ಅಂತ ತಿಳಿದು, “ಪಾಪ, ನಿಮ್ಮ ಯಜಮಾನರಿಗೂ ಗೊತ್ತಿರ್ಲಿಲ್ವೇನೋ” ಅಂತ ಸಮಾಧಾನ ಮಾಡಿದ. ಗೊತ್ತಿತ್ತೋ ಇಲ್ಲವೋ, ಆ ಅನುಮಾನವೊಂದನ್ನು ಅವರಿಗೇ ಬಿಟ್ಟಿದ್ದೇನೆ. ಉಂಗುರವನ್ನು ಅಲ್ಲೇ ಕತ್ತರಿಸಿ ತೆಗೆಸಿದೆ.

ಇವತ್ತು ಬೆಳಿಗ್ಗೆ, ಶನಿವಾರ, ಚೀಲವನ್ನೂ ಚೀಟಿಯನ್ನೂ ಮಾಲೀಕರ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ದನಿ ಬೆಣ್ಣೆಯಾಯಿತು. “ನೋಡಿ ಅಮ್ಮ, ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಇದನ್ನ ಮೋರಿಗೆ ಹಾಕಿ. ಸೋಮವಾರ ಮಾಲು ಹೋಗ್ಲಿ. ನಿಮ್ಮ ಕಡಾಯಿ ನಿಮಗೇ ಇರುತ್ತೆ, ಸೊಸೇನೂ ವಾಪಸ್ ಕರೀತೀನಿ” ಅಂದರು. ಸುಳ್ಳು ಹೇಳಬಾರದು, ಒಂದು ಗಳಿಗೆ ಮನಸ್ಸು ವಾಲಿತು. ಇಪ್ಪತ್ತೆರಡು ವರ್ಷ ಕಾಯಿಸಿದ ಕಡಾಯಿ. ನೀನೂ ಬರುತ್ತೀ, ನಾನೂ ಉಳಿಯುತ್ತೇನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಆದರೆ ನನ್ನ ರೋಗ ನಿನಗೆ ಗೊತ್ತಲ್ಲ. ಇಷ್ಟು ಮೆತ್ತಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಚೀಲ ಎತ್ತಿಕೊಂಡು ಹೊರಗೆ ಬಂದೆ. ಕೈ ತೊಳೆಯುವ ತೊಟ್ಟಿಯ ಮೇಲೆ ಸರ್ಕಾರದ ಆಹಾರ ತಪಾಸಣೆಯವರ ನಂಬರು ಅಂಟಿಸಿದ್ದೆಯಲ್ಲ, ಅಲ್ಲೇ ನಿಂತು ಎಲ್ಲರ ಎದುರಿಗೆ ಫೋನ್ ಮಾಡಿದೆ. ಮಧ್ಯಾಹ್ನಕ್ಕೆ ಇಬ್ಬರು ಬಂದರು. ಆರುನೂರ ನಲವತ್ತು ಬಾಟಲಿಗಳನ್ನೂ ಎಣಿಸಿ, ಮುಚ್ಚಳ ತೆಗೆದು, ಬಟ್ಟೆಯಲ್ಲಿ ಸೋಸಿ ಹೊಂಡಕ್ಕೆ ಸುರಿದೆವು. ಚೂರು ಸಿಗಲಿಲ್ಲ. ಮೊದಲಾಗಿದ್ದರೆ, ಸಿಗಲಿಲ್ಲ ಅಂದರೆ ಇರಲೇ ಇಲ್ಲ ಅಂತ ವಾದ ಮಾಡುತ್ತಿದ್ದೆ. ಈಗ, ಇನ್ನೂ ಎಲ್ಲೋ ಇದೆ ಅಂತ ಅನ್ನಿಸುತ್ತಿದೆ. ಕಡಾಯಿ, ಜರಡಿ, ಕೊಳವೆ ಎಲ್ಲ ಬಿಚ್ಚಿ ತೊಳೆಯುವವರೆಗೆ ಉರಿ ಹಚ್ಚಬಾರದು ಅಂತ ತಪಾಸಣೆಯವರ ಕೈಯಲ್ಲೇ ಬರೆಸಿದ್ದೇನೆ.

ನನ್ನನ್ನು ಕಡಾಯಿಯಿಂದ ತೆಗೆದಿದ್ದಾರೆ. ಸದ್ಯಕ್ಕೆ ಬಾಟಲಿ ತೊಳೆಯುವ ಕೆಲಸ, ಮುಂದೇನೋ ಗೊತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಚೀಟಿಯಲ್ಲಿ ನೀನು ಖಾಲಿ ಬಿಟ್ಟಿದ್ದ ಜಾಗದಲ್ಲಿ ನಾನೇ ನನ್ನ ಹೆಸರು ಬರೆದು ಸಹಿ ಹಾಕಿದೆ. ಗುಣಮಟ್ಟ ನೋಡುವವರು ಇಲ್ಲದೆ ಫ್ಯಾಕ್ಟರಿ ತೆರೆಯುವ ಹಾಗಿಲ್ಲ ಅಂತ ತಪಾಸಣೆಯವರು ಹೇಳಿ ಹೋಗಿದ್ದಾರೆ. ನಾಳೆಯೋ ನಾಡಿದ್ದೋ ಮಾಲೀಕರು ಅದೇ ಬೆಣ್ಣೆಯ ದನಿಯಲ್ಲಿ ನಿನಗೆ ಫೋನ್ ಮಾಡುತ್ತಾರೆ. ಬಾಯಿಮಾತಿಗೆ ಒಪ್ಪಬೇಡ, ಬರಹದಲ್ಲಿ ಕೇಳು.

ಆಮೇಲೆ ಬಾ. ನನ್ನನ್ನು ಕ್ಷಮಿಸಿ ಬಾ ಅಂತ ಕೇಳುತ್ತಿಲ್ಲ, ಅಷ್ಟು ಸುಲಭವಾಗಿ ಕ್ಷಮಿಸಿದರೆ ನನಗೆ ಅದರ ಮೇಲೂ ಅನುಮಾನ ಬರುತ್ತದೆ. ಬಂದು ಗೇಟಿನಲ್ಲಿ ನಿಲ್ಲು. ಸಾಲಿನಲ್ಲಿ ನಾನು ಮೊದಲು ನಿಂತಿರುತ್ತೇನೆ. ಉಂಗುರವಿದ್ದ ಜಾಗ ಬೆಳ್ಳಗೆ ಕುಳಿಬಿದ್ದಿದೆ, ಚರ್ಮ ಸುಲಿದು ಸ್ವಲ್ಪ ರಕ್ತವೂ ಬಂದಿತ್ತು. ಅದಕ್ಕೆ ನೀಲಿ ಪ್ಲಾಸ್ಟರ್ ಸುತ್ತಿದ್ದೇನೆ. ಈ ಸಲ ನಿಜವಾದ ಗಾಯವೇ, ಆದರೆ ನನ್ನ ಮಾತು ಕೇಳಬೇಡ. ಎಲ್ಲರ ಎದುರಿಗೆ ಬಿಚ್ಚಿಸಿ ನೋಡು.

ನೂರು ಕಾಲ ಬಾಳು ಮಗಳೇ, ಯಾರ ಕೈಯನ್ನೂ ನೋಡದೆ ನಂಬಬೇಡ.

ಶನಿವಾರ, ಸಂಜೆ ಆರೂ ಹತ್ತು. ಬರೆದವಳು ಮತ್ತು ತಪ್ಪು ಮಾಡಿದವಳು,
ನಿನ್ನ ಅತ್ತೆ