ಅಲ್ಲಾಡಬೇಡಿ ಎಂದಷ್ಟೇ ಹೇಳಿದಿರಿ

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಮುಖ್ಯಸ್ಥರೇ,

ಕಳೆದ ತಿಂಗಳು ನಿಮ್ಮ ಎಂಆರ್‌ಐ ಯಂತ್ರದೊಳಗೆ ನನ್ನನ್ನು ಮಲಗಿಸಿದಿರಿ. ಎಷ್ಟು ಹೊತ್ತು, ಒಳಗೆ ಏನಾಗುತ್ತದೆ, ಭಯವಾದರೆ ಏನು ಮಾಡಬೇಕು, ಯಾವುದನ್ನೂ ನನಗೆ ಹೇಳಲಿಲ್ಲ. ನನ್ನ ದೂರು ಇಷ್ಟೇ. ಯಂತ್ರದ ಬಗ್ಗೆ ತಕರಾರಿಲ್ಲ. ಅದು ಬಹಳ ಒಳ್ಳೆಯ ಯಂತ್ರವೆಂದು ಗೋಡೆಯ ಮೇಲೆ ನೀವೇ ಬರೆಸಿದ್ದೀರಿ.

ನಾನು ಬೆಳಗೋಡಿನ ಹತ್ತಿರದ ಹಳ್ಳಿಯವಳು, ಮಹಿಳಾ ಹಾಲು ಸಹಕಾರ ಸಂಘದ ಕಾರ್ಯದರ್ಶಿ. ಹಾಲಿನ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಆಮೇಲೆ ಬಲಗಾಲಿಗೆ ಜೋಮು ಶುರುವಾಯಿತು. ಸ್ಕ್ಯಾನ್ ನೋಡದೆ ಏನೂ ಮಾಡಲಾಗದು ಎಂದರು ಡಾಕ್ಟರು. ಮಗ ಸಂಜಯ್ ಕರೆದುಕೊಂಡು ಬಂದ. ನಿಮ್ಮ ಸಿಬ್ಬಂದಿ ನನ್ನನ್ನು ಬಟ್ಟೆ ಬದಲಿಸಲು ಕಳಿಸಿ, ಹೇಳಬೇಕಾದ್ದನ್ನೆಲ್ಲ ಅವನಿಗೆ ಹೇಳಿದರು. ಸೊಂಟ ಯಾರದು ಸ್ವಾಮಿ? ನಿಮ್ಮಲ್ಲಿ ರೋಗಿ ಎಂದರೆ, ಜೊತೆಗೆ ಬಂದವರು ಹೊತ್ತು ತಂದ ಗಂಟೇ?

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತಿದ್ದ ನಿಮ್ಮ ಹುಡುಗ ನನ್ನ ಕೊರಳು ತೋರಿಸಿ, “ಅದು ತೆಗೀರಿ” ಎಂದ. ಅದು ನನ್ನ ಬೆಳ್ಳಿ ಕರಡಿಗೆ. ಚಿಕ್ಕಂದಿನಿಂದ ಇಷ್ಟಲಿಂಗವನ್ನು ಅದರೊಳಗಿಟ್ಟು ಕೊರಳಿಗೆ ಕಟ್ಟಿಕೊಂಡವಳು ನಾನು. ಯಾಕಪ್ಪಾ ಎಂದು ಕೇಳಿದರೆ, “ರೂಲ್ಸು” ಎಂದ. ಒಳಗೆ ಆಯಸ್ಕಾಂತ ಇದೆ, ಲೋಹ ಹೋಗಬಾರದು ಎಂದಿದ್ದರೆ ನಾನೇ ಮನೆಯಿಂದ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ಬಳೆ, ಹೇರ್‌ಪಿನ್ನುಗಳ ಟ್ರೇಯಲ್ಲಿ ಲಿಂಗವನ್ನಿಟ್ಟು, ಬರಿಕೊರಳಲ್ಲಿ ಒಳಗೆ ಹೋದೆ.

ಅಂಗೈಗೊಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟು, “ಇಟ್ಕೊಳಿ, ಅಲ್ಲಾಡ್ಬೇಡಿ” ಎಂದು ಹೇಳಿ ಆ ಹುಡುಗ ಹೊರಟುಹೋದ. ಹಲಗೆ ತಾನಾಗಿ ಒಳಗೆ ಸರಿಯಿತು. ತಲೆ ಎತ್ತಿದರೆ ಹಣೆ ಬಡಿಯುವಷ್ಟು ಹತ್ತಿರ ಸೂರು, ಕೈ ಅಗಲಿಸಲು ಜಾಗವಿಲ್ಲ. ನಂತರ ಸದ್ದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಕಲ್ಲು ಸಿಕ್ಕಿದಾಗ ಕೇಳುವಂಥ ಸದ್ದು. ಯಂತ್ರ ಕೆಟ್ಟಿತೆಂದುಕೊಂಡೆ. ಸದ್ದು ನಿಂತಿತು. ಕರೆಂಟು ಹೋಗಿದೆ, ಎಲ್ಲರೂ ಊಟಕ್ಕೆ ಎದ್ದಿದ್ದಾರೆ, ನಾನು ಒಳಗಿರುವುದು ಯಾರಿಗೂ ನೆನಪಿಲ್ಲ ಎನ್ನಿಸಿತು. ಉಸಿರು ಸಿಕ್ಕಲಿಲ್ಲ. “ಯಾರಾದ್ರೂ ಇದೀರೇನ್ರೀ” ಎಂದು ಕೂಗಿದೆ. ಉತ್ತರವಾಗಿ ಸದ್ದು ಮತ್ತೆ ಶುರುವಾಯಿತು. ಕಾಲು ಝಾಡಿಸಿ ಕೆಳಗೆ ಜಾರಲು ನೋಡಿದೆ. ಆಗ ಕಿವಿಗೆ ಸಿಕ್ಕಿಸಿದ್ದ ಹೆಡ್‌ಫೋನಿನಲ್ಲಿ ಆ ಹುಡುಗನ ದನಿ ಬಂತು: “ಅಲ್ಲಾಡ್ಬೇಡಿ ಅಂದಿದ್ನಲ್ಲಮ್ಮ, ಎಲ್ಲಾ ಹಾಳಾಯ್ತು.”

ನನ್ನನ್ನು ಹೊರಗೆಳೆದರು. ಅಳುತ್ತಿದ್ದೆ. ನನ್ನೆದುರೇ ಆ ಹುಡುಗ ಮಗನಿಗೆ, “ನಿಮ್ಮ ತಾಯಿ ಸಹಕಾರ ಕೊಡ್ಲಿಲ್ಲ ಸರ್” ಎಂದ. ಸಹಕಾರವೆಂದರೇನು ಎಂದು ನನಗೆ ಸ್ವಲ್ಪ ಗೊತ್ತಿದೆ. ನಮ್ಮ ಸಂಘದಲ್ಲಿ ಮಾದೇವಮ್ಮನ ಹಾಲು ವಾಪಸ್ಸು ಕಳಿಸುವಾಗಲೂ ಅವಳ ಮುಖ ನೋಡಿ ಕಾರಣ ಹೇಳುತ್ತೇವೆ. ಅದು ಹಾಲು, ಇದು ಬರೀ ಮನುಷ್ಯರು ಎಂದು ನೀವು ಬಿಟ್ಟಿರಬಹುದು.

ಕಾರು ಆಲೂರು ದಾಟಿದ ಮೇಲೆ ಸಂಜಯ್ ಕೇಳಿದ: “ಅಷ್ಟು ಹೆದ್ರಿಕೆ ಆಗಿದ್ರೆ ಚೆಂಡು ಒತ್ಬೇಕಿತ್ತಲ್ಲಮ್ಮ?”

“ಯಾಕೋ ಒತ್ಬೇಕು?”

“ಒತ್ತಿದ್ರೆ ತಕ್ಷಣ ಹೊರಗೆ ಕರ್ಕೋತಾರೆ. ನಿಂಗೆ ಹೇಳ್ಲಿಲ್ವಾ?”

“ಒತ್ತಿದ್ರೆ ಕೆಟ್ಟೋಗುತ್ತೇನೋ ಅಂತ ನಾನು ಬೆರಳೂ ಮಡಿಸ್ಲಿಲ್ಲ ಕಣೋ,” ಎಂದೆ. ಅವನು ಗಾಡಿ ಪಕ್ಕಕ್ಕೆ ನಿಲ್ಲಿಸಿದ. ಆಮೇಲೆ, “ಅವರೇ ಹೇಳ್ತಾರೆ ಅಂದ್ಕೊಂಡೆ ಕಣಮ್ಮ,” ಎಂದ. ಅವರು, ಮಗನೇ ಹೇಳುತ್ತಾನೆ ಎಂದುಕೊಂಡಿದ್ದರು.

ಅಂದಿನಿಂದ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಲು ನನ್ನಿಂದ ಆಗುತ್ತಿಲ್ಲ. ಕಂಬಳಿ ಮುಖದವರೆಗೆ ಬಂದರೆ ಎದ್ದು ಕೂರುತ್ತೇನೆ. ಇತ್ತ ಕಾಲಿನ ಜೋಮು ಪಾದಕ್ಕೆ ಇಳಿದಿದೆ, ಚಪ್ಪಲಿ ಜಾರಿದ್ದೇ ತಿಳಿಯುವುದಿಲ್ಲ. ಇನ್ನು ತಡ ಮಾಡಿದರೆ ಕಾಲಿನ ಶಕ್ತಿಯೇ ಹೋದೀತು, ಮತ್ತೆ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ ಡಾಕ್ಟರು. ಮೊನ್ನೆ ದಿನಾಂಕ ಕೇಳಲು ಬಂದವಳು ಅದೇ ಹುಡುಗನನ್ನು, ಹೇಳಿದ್ದರೆ ನಿನಗೇನು ಕಷ್ಟವಿತ್ತಪ್ಪಾ ಎಂದು ಕೇಳಿದೆ. “ಎಲ್ರಿಗೂ ಹೇಳ್ತಾ ಕೂತ್ರೆ ಸ್ಕ್ಯಾನ್ ಮಾಡೋದ್ಯಾವಾಗಮ್ಮ?” ಎಂದ. ಒಂದು ಮಾತು ಹೇಳಲು ನಿಮಗೆ ಸಮಯವಿಲ್ಲ, ಅದೇ ಸ್ಕ್ಯಾನನ್ನು ಎರಡನೇ ಸಲ ಮಾಡಲು ಸಮಯವಿದೆ. ಈ ಲೆಕ್ಕ ಕಲಿಸಿದವರು ಯಾರು? ಅವನನ್ನು ಬೈಯಬೇಡಿ. ಹೇಳುವುದೂ ಕೆಲಸವೇ ಎಂದು ಅವನಿಗೆ ನೀವು ಯಾವತ್ತಾದರೂ ಹೇಳಿದ್ದೀರಾ?

ಬರುವ ಸೋಮವಾರ ಬರುತ್ತೇನೆ. ಹಲಗೆ ಸರಿಯುವ ಮೊದಲು ಒಬ್ಬರು ನನ್ನ ಪಕ್ಕ ನಿಂತು, ನನ್ನ ಜೊತೆಯವರನ್ನಲ್ಲ, ನನ್ನನ್ನೇ ನೋಡಿ, ಒಳಗೆ ಏನಾಗುತ್ತದೆಂದು ಹೇಳಬೇಕು. ನನಗೆ ಅರ್ಥವಾಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ನನ್ನ ನಂತರದ ಸರದಿಯವರಿಗೂ ಹಾಗೆಯೇ ಆಗಬೇಕು. ಇದು ಬೇಡಿಕೆ, ವಿನಂತಿಯಲ್ಲ.

ಆದರೆ ನೀವು ಹೇಳದಿದ್ದರೂ ನಾನು ಆ ಹಲಗೆಯ ಮೇಲೆ ಮಲಗಲೇಬೇಕು. ಅದು ನನಗೂ ಗೊತ್ತು, ನಿಮಗೂ ಗೊತ್ತು. ಇಷ್ಟು ದಿನ ನಿಮ್ಮ ವಿಭಾಗ ಯಾರಿಗೂ ಏನೂ ಹೇಳದೆ ನಡೆದುಕೊಂಡು ಬಂದದ್ದು ಆ ಧೈರ್ಯದ ಮೇಲೆಯೇ.

ಇಂತಿ,
ಬಾರದೆ ವಿಧಿಯಿಲ್ಲದವಳು,
ಜಗದಾಂಬ
ಬೆಳಗೋಡು ಹೋಬಳಿ, ಸಕಲೇಶಪುರ ತಾಲ್ಲೂಕು